ಹನ್ನೊಂದು ಮದ್ದಿನ ಪೆಟ್ಟಿಗೆ

ಸಾಲ ತೀರಿದ ದಿನ ನಮ್ಮಪ್ಪ ಮನೆಗೆ ತಂದದ್ದು ಸಿಹಿಯಲ್ಲ, ಹೂವಲ್ಲ. ನಾಲ್ಕು ತುಂಡಾದ ಸಾಲಪತ್ರ. ಆಂಡರ್ಸನ್‌ಪೇಟೆಯಲ್ಲಿ ಸಾಲ ಕೊಟ್ಟವನು ಕಡೇ ಕಂತು ತೆಗೆದುಕೊಂಡು, ಅಪ್ಪನ ಕಣ್ಣೆದುರಿಗೇ ಪತ್ರವನ್ನು ಹರಿದು ಬಿಸಾಡಿದನಂತೆ. ಅಪ್ಪ ಬಗ್ಗಿ ನಾಲ್ಕೂ ತುಂಡುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು, ಮೈಸೂರು ಮೈನ್ಸ್ ಚಿನ್ನದ ಗಣಿಯವರು ಸಾಲಾಗಿ ಕಟ್ಟಿಸಿದ್ದ ನಮ್ಮ ಲೈನ್ ಮನೆಯವರೆಗೆ ನಡೆದು ಬಂದ. ಬಂದವನು ಒಂದು ಹಳೇ ಬಿಸ್ಕತ್ತಿನ ಡಬ್ಬ ಹುಡುಕಿ ಅದರೊಳಗೆ ಅವನ್ನು ಇಡಲು ಹೊರಟ.

“ಅದ್ಯಾಕೆ ಮಡಗ್ತಿದ್ದೀರ?” ಎಂದು ಅಮ್ಮ ಕೇಳಿದಳು.

“ಇರ್ಲಿ ಬಿಡೇ. ಯಾವತ್ತಾದ್ರೂ ಬೇಕಾಗ್ತದೆ.”

ಅಮ್ಮ ಡಬ್ಬ ಕಿತ್ತುಕೊಂಡು ತುಂಡುಗಳನ್ನು ನೀರೊಲೆಗೆ ಹಾಕಿ, ಪೂರ್ತಿ ಬೂದಿಯಾಗುವವರೆಗೆ ಅಲ್ಲೇ ಕೂತಿದ್ದಳು. ಅಪ್ಪ ಡಬ್ಬವನ್ನಾದರೂ ಉಳಿಸಿಕೊಂಡ.

ಆಗ ಅರವತ್ತರ ದಶಕದ ಶುರು. ನನಗೆ ಹದಿನಾಲ್ಕು ವರ್ಷ, ಬಾಯಿ ಮಾತ್ರ ನಲವತ್ತು ವರ್ಷದವಳದ್ದು. ಆ ಸಾಲ ನನ್ನ ಅಕ್ಕನ ಮದುವೆಗೆ ಮಾಡಿದ್ದು. ಬಂಗಾರಪೇಟೆಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುವ ಮನೆಗೆ ಅವಳನ್ನು ಕೊಟ್ಟು, ಮೂರು ವರ್ಷ ನಾವು ಹೊಟ್ಟೆ ಬಟ್ಟೆ ಕಟ್ಟಿ ಬದುಕಿದೆವು. ಬೆಳಗಿನ ಕಾಫಿ ನಿಂತುಹೋಯಿತು. ಸವೆದ ಸೋಪಿನ ಚೂರುಗಳನ್ನು ಅಮ್ಮ ಒಟ್ಟಿಗೆ ಅಮುಕಿ ಹೊಸ ಸೋಪು ಮಾಡುತ್ತಿದ್ದಳು. ಅದು ಮೈಗೆ ಅಂಟುತ್ತಿತ್ತೇ ಹೊರತು ನೊರೆ ಬರುತ್ತಿರಲಿಲ್ಲ. ನನ್ನ ಲಂಗಕ್ಕೆ ಅಂಚು ಕೂಡಿಸಿ ಕೂಡಿಸಿ, ಕೊನೆಗೆ ಮೊದಲಿನ ಬಟ್ಟೆ ಯಾವುದು ಅಂಚು ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಸಾಲ ತೀರಿದ ಮಾರನೇ ದಿನ ನಾನು ಕಾಫಿಗೆ ಒಂದು ಚೂರು ಬೆಲ್ಲ ಜಾಸ್ತಿ ಹಾಕಿದ್ದಕ್ಕೆ, “ಸಾಲ ತೀರ್ತು ಅಂತ ಕೈ ಬಿಚ್ಚಬ್ಯಾಡ ಕಣೇ, ಇನ್ನು ಮುಂದೂ ಇಂಗೇನೇ” ಎಂದು ಅಮ್ಮ ಬೈದಳು.

ದುಡ್ಡಿಲ್ಲದ ಮನೆ ಖಾಲಿಯಾಗಿರುತ್ತದೆ ಎಂದು ತಿಳಿದವರು ನಮ್ಮ ಮನೆ ನೋಡಿರಲಿಲ್ಲ. ಸಾಲ ಇದ್ದವರ ಮನೆಯಲ್ಲಿ ದುಡ್ಡೊಂದು ಇರುವುದಿಲ್ಲ, ಮಿಕ್ಕಿದ್ದೆಲ್ಲ ಇರುತ್ತದೆ. ಹೊಸದು ಕೊಳ್ಳುವ ಶಕ್ತಿ ಇಲ್ಲದವರು ಹಳೆಯದನ್ನು ಎಸೆಯುವುದು ಹೇಗೆ? ಅಪ್ಪ ಗಣಿಯೊಳಗೆ ಮರ ಕಟ್ಟುವ ಕೆಲಸದವನು. ಮೇಲಿನ ಬಂಡೆ ಕುಸಿಯದಂತೆ ದಿಮ್ಮಿ ನಿಲ್ಲಿಸುತ್ತಿದ್ದ. ಬಂಡೆ ಸಿಡಿಸುವ ಮದ್ದು ಬರುತ್ತಿದ್ದ ಮರದ ಪೆಟ್ಟಿಗೆಗಳು ಖಾಲಿಯಾದ ಮೇಲೆ ಅಗ್ಗಕ್ಕೆ ಸಿಗುತ್ತಿದ್ದವು. ಎಲ್ಲರ ಮನೆಯಲ್ಲೂ ಒಂದೆರಡು ಇದ್ದವು, ಕೂರಲು, ರಾಗಿ ಹಿಟ್ಟು ಇಡಲು. ನಮ್ಮ ಮನೆಯಲ್ಲಿ ಹನ್ನೊಂದು. ಅಕ್ಕನ ಮದುವೆಗೆಂದು ದುಡ್ಡು ಕೂಡಿಡುತ್ತಿದ್ದ ಕಾಲದಲ್ಲಿ ಆರು ಸೇರಿದ್ದವು, ಸಾಲದ ಮೂರು ವರ್ಷದಲ್ಲಿ ಐದು. ಒಂದರ ಮೇಲೊಂದು ಏರಿ ತಗಡಿನ ಸೂರು ಮುಟ್ಟುತ್ತಿದ್ದವು. ಒಳಗೆ ಏನಿತ್ತು ಅಂತೀರಾ? ಬಟ್ಟೆ ಹೋದ ಕೊಡೆಯ ಕಡ್ಡಿಗಳು, ತಳ ಹೋದ ಬಕೀಟು, ಅದರದ್ದಲ್ಲದ ಒಂದು ತಳ, ಡೊಂಕು ಮೊಳೆಗಳು, ಒಡೆದ ಲಾಟೀನು ಬುರುಡೆ, ಅಪ್ಪನ ಬೂಟಿನಿಂದ ಕಳಚಿದ ಅಟ್ಟೆಗಳು, ಮತ್ತು ಒಂಟಿ ಚಪ್ಪಲಿ. ಆ ಚಪ್ಪಲಿ ಎಡಗಾಲಿನದು. ಬಲಗಾಲಿನದು ಎಲ್ಲಾದರೂ ಸಿಕ್ಕೀತು ಎಂದು ಅಪ್ಪ ಕಾಯುತ್ತಿದ್ದ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಅದು ಗಣಿಯ ಊರು. ನೆಲದ ಅಡಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತಿದ್ದವು. ನಾವೆಲ್ಲ ಅದಕ್ಕೆ ಏರ್ ಬ್ಲಾಸ್ಟ್ ಎನ್ನುತ್ತಿದ್ದೆವು. ಧಡ್ ಎಂದರೆ ಸಾಕು, ಎತ್ತರದಲ್ಲಿ ಇಟ್ಟದ್ದೆಲ್ಲ ಕೆಳಗೆ. ಬುದ್ಧಿ ಇದ್ದವರು ಪಾತ್ರೆಗಳನ್ನು ನೆಲದ ಮೇಲೆ ಇಡುತ್ತಿದ್ದರು. ಅಪ್ಪನಿಗೆ ಹೇಳಿದರೆ, “ನಾನು ಭೂಮೀನೇ ನಿಲ್ಲಿಸೋನು, ಎಳ್ಡು ಪೆಟ್ಗೆ ನಿಲ್ಲಿಸಕಾಗಲ್ವಾ?” ಎನ್ನುತ್ತಿದ್ದ. ಅಕ್ಕನ ಮದುವೆಯಾದ ಮೊದಲ ದೀಪಾವಳಿಗೆ ಅವಳ ಅತ್ತೆ, ನಮ್ಮ ಬೀಗಿತ್ತಿ, ನಮ್ಮಲ್ಲಿಗೆ ಬಂದಿದ್ದರು. ಒಬ್ಬಟ್ಟು ಬಡಿಸುವ ಹೊತ್ತಿಗೆ ಭೂಮಿ ಅದುರಿತು. ಎಲ್ಲಕ್ಕಿಂತ ಮೇಲಿನ ಪೆಟ್ಟಿಗೆ ಬಾಯಿಬಿಟ್ಟು, ಅದರೊಳಗಿನ ತೂತು ಬಿದ್ದ ಹಿತ್ತಾಳೆ ಚೊಂಬು ಬಂದು ಅವರ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಪ್ಪಗಾಗಿ ಬಿದ್ದೇ ಹೋಯಿತು. ಅಪ್ಪ ಓಡಿಬಂದು ಮೊದಲು ಚೊಂಬನ್ನು ಎತ್ತಿ ನೋಡಿದ. ಅದನ್ನು ಬೀಗಿತ್ತಿ ಯಾವತ್ತೂ ಮರೆಯಲಿಲ್ಲ.

ಸಾಲ ತೀರಿದ ವಾರದಲ್ಲೇ ಅಮ್ಮ ನನ್ನನ್ನು ಕರೆದುಕೊಂಡು ರೈಲು ಹತ್ತಿ ಬಂಗಾರಪೇಟೆಗೆ ಹೋದಳು. ಅಕ್ಕನಿಗೆ ಐದು ತಿಂಗಳಾಗಿತ್ತು. ಮೂರು ವರ್ಷ ಕಾದ ಮೇಲೆ ನಿಂತ ಬಸಿರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಸಾಲ ಹೊತ್ತುಕೊಂಡು ಬಾಣಂತನ ಮಾಡುವುದು ಹೇಗೆಂದು ಅಮ್ಮ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಬಿಟ್ಟಳು.

“ಏಳನೇ ತಿಂಗಳಿಗೆ ಮಗಳನ್ನ ಕರ್ಕೊಂಡೋಗ್ತೀವಿ ಅಕ್ಕಾ,” ಎಂದು ಬೀಗಿತ್ತಿಗೆ ಹೇಳಿದಳು.

ಬೀಗಿತ್ತಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೆಲಸ ನಿಲ್ಲಿಸದೆ, ಸೀರೆ ನೆರಿಗೆ ಸರಿಸಿ ಹೆಬ್ಬೆರಳನ್ನು ಮುಂದೆ ಚಾಚಿದರು. ಹೊಸ ಉಗುರು ಸೊಟ್ಟಗೆ ಬಂದಿತ್ತು.

“ನೋಡಮ್ಮಾ ಇದನ್ನ. ಕಾಲಿಗೆ ಬಿದ್ದಿದ್ದಕ್ಕೆ ಇಂಗಾಯ್ತು. ಬಸರಿ ಒಟ್ಟೆ ಮೇಲೆ ಬಿದ್ರೆ ಯಾರಿಗೆ ಏಳ್ತೀಯ? ನಿಮ್ಮನೇಲಿ ಎಲೆ ಆಕಿ ಕೂರೋಕೇ ಜಾಗ ಇಲ್ಲ, ಬಾಣಂತೀನ ಎಲ್ಲಿ ಮಲಗಿಸ್ತೀಯ, ಪೆಟ್ಗೇಲಾ?”

ಅಕ್ಕ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮುಖ ನೋಡಿದರೆ ಆಗಲೇ ನಮ್ಮ ಜೊತೆ ಹೊರಟುಬಿಡುವ ಹಾಗಿತ್ತು. ಅಮ್ಮ ತಾನೂ ಒಂದು ಹಿಡಿ ಹುಣಸೆಹಣ್ಣು ತೆಗೆದುಕೊಂಡು ಬೀಜ ಬಿಡಿಸತೊಡಗಿದಳು. ಬೀಗಿತ್ತಿ ಕೆಟ್ಟವರಲ್ಲ. ಅದನ್ನು ನೋಡಿ, “ಬೀಳೋಂತಾದು ಒಂದೂ ಇರ್ಬಾರ್ದು. ಬರೋ ತಿಂಗಳು ನಾನೇ ಬಂದು ನೋಡ್ತೀನಿ. ಸರಿ ಇದ್ರೆ ಕಳಿಸ್ತೀನಿ. ಇಲ್ದಿದ್ರೆ ಎರಿಗೆ ಇಲ್ಲೇ,” ಎಂದರು.

ವಾಪಸ್ ಬರುವಾಗ ರೈಲಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಮಗಳ ಮೊದಲ ಹೆರಿಗೆಗೆ ತವರಲ್ಲಿ ಜಾಗ ಇಲ್ಲ ಎನ್ನಿಸಿಕೊಳ್ಳುವುದು ಅವಳಿಗೆ ಸಾಲಕ್ಕಿಂತ ದೊಡ್ಡ ಅವಮಾನ. ನನಗೂ ಅಳು ಬಂತು, ಆದರೆ ಸಿಟ್ಟೇ ಹೆಚ್ಚು ಬಂತು. ಅದೆಲ್ಲ ಅಪ್ಪನ ಮೇಲೆ.

ಮನೆಗೆ ಬಂದು ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಮ್ಮ ಕಡೆ ಒಬ್ಬ ಖರ್ಜೂರದವನು ಬರುತ್ತಿದ್ದ. ಹಳೇ ಕಬ್ಬಿಣ, ತಗಡು, ಸೀಸೆ ಏನೇ ಕೊಟ್ಟರೂ ತೂಗಿ ಅದಕ್ಕೆ ಖರ್ಜೂರ ಕೊಡುತ್ತಿದ್ದ. ಮೂರು ಭಾಷೆಯಲ್ಲಿ ಕೂಗುತ್ತಿದ್ದ, ಮೂರರಲ್ಲೂ ಕಡಿಮೆ ತೂಗುತ್ತಿದ್ದ. ಅಪ್ಪ ಪಾಳಿಗೆ ಹೋದ ಹೊತ್ತು ನೋಡಿ ಅಮ್ಮ ಒಂದು ಪೆಟ್ಟಿಗೆ ಬರಿದು ಮಾಡಿದಳು. ಸಂಜೆ ಅಪ್ಪ ಬಂದಾಗ ಕೊಡೆಯ ಕಡ್ಡಿಗಳ ಜಾಗದಲ್ಲಿ ಮೂರು ಖರ್ಜೂರ ಇದ್ದವು.

ಅಪ್ಪ ಅವನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದ. “ಎಂಟು ಕಡ್ಡಿಗೆ ಮೂರೇ?” ಎಂದ.

“ಅವು ಕೊಡೇನಾ ಏನು? ಕಡ್ಡಿ,” ಎಂದಳು ಅಮ್ಮ. “ನಂಗೆ ಮಗಳು ಬೇಕು. ನಿಮ್ಗೆ ಪೆಟ್ಗೆ ಬೇಕಾದ್ರೆ ಏಳ್ಬಿಡಿ, ನಾನೇ ಬಂಗಾರಪೇಟೆಗೆ ಓಗಿ ಬಾಣಂತನ ಮಾಡ್ತೀನಿ.”

ಅದಕ್ಕೆ ಅಪ್ಪ ಮೆತ್ತಗಾದ. ಮಿಕ್ಕಿದ್ದನ್ನೆಲ್ಲ ತಾನೇ ಸಾಗಿಸುತ್ತೇನೆ, ಹೆಂಗಸರು ಭಾರ ಎತ್ತುವುದು ಬೇಡ ಎಂದ. ದಿನಕ್ಕೊಂದು ಪೆಟ್ಟಿಗೆ ಹೆಗಲ ಮೇಲೆ ಹೊತ್ತು ಹೊರಟ. ಗಣಿ ಪುಡಿ ಸುರಿಯುವ ಗುಡ್ಡದ ಹಿಂದಿನ ಗುಂಡಿಗೆ ಹಾಕಿ ಬರುತ್ತೇನೆ ಎನ್ನುತ್ತಿದ್ದ. ಆ ಗುಂಡಿಗೆ ಹೋಗಿ ಬರಲು ಅರ್ಧ ಗಂಟೆ ಬೇಕು. ಅಪ್ಪ ಬಾಯಲ್ಲಿ ಹಚ್ಚಿದ ಬೀಡಿ ಆರುವುದರೊಳಗೆ ವಾಪಸ್ ಬರುತ್ತಿದ್ದ. ನಾನು ಅದನ್ನು ಹೇಳಿದೆ. “ನಿಮ್ಮಪ್ಪಂಗೆ ಈಗ ಬುದ್ಧಿ ಬಂದೈತೆ, ನೀನು ಕೆಡಿಸ್ಬ್ಯಾಡ ಸುಮ್ಕಿರು,” ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದಳು.

ಮನೆ ಖಾಲಿಯಾಗುತ್ತಾ ಹೋಯಿತು. ನಾಲ್ಕು ತಟ್ಟೆ, ನಾಲ್ಕು ಲೋಟ, ಎರಡು ಚಾಪೆ, ಮುದ್ದೆ ಮಾಡುವ ಪಾತ್ರೆ, ಸಾರಿನ ಪಾತ್ರೆ. ಒಂದು ಸಾಮಾನು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು ಎಂದು ಅಮ್ಮ ಕಾನೂನು ಮಾಡಿದಳು. ಸ್ಕೂಲಿನಿಂದ ನಾನು ಹೊಸ ನೋಟ್‌ಬುಕ್ ತಂದ ದಿನ ಹಳೆಯದು ಒಲೆಗೆ ಹೋಯಿತು. ಅದರಲ್ಲಿ ಇನ್ನೂ ಆರು ಹಾಳೆ ಬಾಕಿ ಇತ್ತು, ನನ್ನ ಮನೆಪಾಠವೂ ಇತ್ತು. ಟೀಚರ್ ಬಳಿ ಏಟು ತಿಂದವಳು ನಾನು. ಪೆಟ್ಟಿಗೆಗಳ ಅಡಿಯಲ್ಲಿ ಇದ್ದ ನೆಲವನ್ನು ನಾನು ಆಗಲೇ ಮೊದಲು ನೋಡಿದ್ದು. ಮಾತಾಡಿದರೆ ಮನೆ ನನ್ನ ಮಾತನ್ನು ನನಗೇ ವಾಪಸ್ ಹೇಳುತ್ತಿತ್ತು.

ನಮ್ಮ ಲೈನಿನವರಿಗೆ ಇದು ಅರ್ಥವಾಗಲಿಲ್ಲ. ಅಲ್ಲಿ ಸಾಮಾನು ಮನೆಯಿಂದ ಹೊರಗೆ ಹೋಯಿತು ಎಂದರೆ ಎರಡೇ ಕಾರಣ: ಕೆಲಸ ಹೋಗಿರಬೇಕು, ಇಲ್ಲ ಸಾಲ ಕೊಟ್ಟವರಿಗೆ ಹೆದರಿ ಊರು ಬಿಡುತ್ತಿರಬೇಕು. ಮೂರು ವರ್ಷ ಸಾಲದಲ್ಲಿ ಮುಳುಗಿದ್ದಾಗ ಒಬ್ಬರೂ ನಮ್ಮನ್ನು ಅನುಮಾನಿಸಿರಲಿಲ್ಲ; ಮನೆ ಸೂರಿನವರೆಗೆ ತುಂಬಿತ್ತಲ್ಲ. ಸಾಲ ತೀರಿ ಹದಿನೈದು ದಿನಕ್ಕೆ ದಿನಸಿ ಅಂಗಡಿಯವನು ಬಾಗಿಲಿಗೆ ಬಂದು, ತಿಂಗಳ ಕೊನೆಗೆ ಕೊಡಬೇಕಾದ ದುಡ್ಡನ್ನು ಈಗಲೇ ಕೊಡಿ ಎಂದು ನಿಂತ. ಅಮ್ಮನಿಗೆ ಎಲ್ಲಿಲ್ಲದ ಕೋಪ ಬಂತು. “ಸಾಲ ಇದ್ದಾಗ ನಗ್ನಗ್ತಾ ಬೇಳೆ ಕೊಟ್ಟೆ. ಈಗ ನಾಲ್ಕು ಕಾಸು ಮಿಕ್ತು ಅಂದ್ರೆ ಬಾಗಲಿಗೆ ಬತ್ತೀಯ?” ಎಂದು ಗದರಿಸಿ ಕಳಿಸಿದಳು. ಅಂಗಡಿಯವನು ಹೋಗುವಾಗಲೂ ಒಳಗೆ ಬಗ್ಗಿ ನೋಡಿ, ಬರೀ ಗೋಡೆಗಳನ್ನು ಕಂಡು ತಲೆ ಅಲ್ಲಾಡಿಸಿದ.

ಹೇಳಿದ ಹಾಗೆ ಬೀಗಿತ್ತಿ ಬಂದರು, ಒಂದು ಭಾನುವಾರ ಬೆಳಗ್ಗೆ. ಬಾಗಿಲಲ್ಲೇ ನಿಂತು ಮೊದಲು ಸೂರು ನೋಡಿದರು. ಆಮೇಲೆ ಒಳಗೆ ಬಂದು ಮೂಲೆ ಮೂಲೆಗೆ ಹೋದರು. ಗೋಡೆಯ ಮೊಳೆಗೆ ನೇತುಹಾಕಿದ್ದ ದೇವರ ಪಟವನ್ನು ಎಳೆದು ನೋಡಿದರು, ಭದ್ರವಾಗಿತ್ತು, ಕೈಮುಗಿದರು. ಅಮ್ಮ ಅವರ ಹಿಂದೆ ಹಿಂದೆಯೇ ಸುತ್ತುತ್ತಿದ್ದಳು. ಪರೀಕ್ಷೆ ಬರೆದ ಹುಡುಗಿಗೂ ಅಷ್ಟು ಭಯ ಇರುವುದಿಲ್ಲ. ಅಪ್ಪ ಶುಭ್ರವಾದ ಪಂಚೆ ಉಟ್ಟು ಗೋಡೆಗೆ ಒರಗಿ ಕೂತಿದ್ದ. ಬೀಗಿತ್ತಿ ಚಾಪೆಯ ಮೇಲೆ ಕೂತು, ಬೆಲ್ಲದ ಕಾಫಿ ಕೈಗೆ ತೆಗೆದುಕೊಂಡು, “ಪರವಾಗಿಲ್ವಮ್ಮಾ. ಇದೇ ಮನೇನಾ ಅನ್ನಂಗಾಗೈತೆ,” ಎಂದರು. ಅಮ್ಮನ ಮುಖ ಅರಳಿತು.

ಆ ಹೊತ್ತಿಗೆ ಭೂಮಿ ಅದುರಿತು.

ಧಡ್ ಎಂದು ಒಂದೇ ಸಲ. ತಗಡು ಗಡಗಡ ಎಂದಿತು. ಬೀಗಿತ್ತಿ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡು ಕಣ್ಣು ಮುಚ್ಚಿದರು. ನಮ್ಮ ಮನೆಯಲ್ಲಿ ಏನೂ ಬೀಳಲಿಲ್ಲ. ಲೋಟದ ಕಾಫಿ ಕೂಡ ಚೆಲ್ಲಲಿಲ್ಲ. ಅವರು ಒಂದು ಕಣ್ಣು ತೆಗೆದರು, ಆಮೇಲೆ ಇನ್ನೊಂದು.

ಆಗ ಪಕ್ಕದ ಮನೆಯಲ್ಲಿ ಶುರುವಾಯಿತು. ನಮಗೂ ಅವರಿಗೂ ನಡುವೆ ಇದ್ದದ್ದು ಒಂದು ಗೋಡೆ. ಅದರ ಆ ಕಡೆ ದಡಬಡ ಎಂದು ಒಂದರ ಮೇಲೊಂದು ಬೀಳುವ ಸದ್ದು. ತಗಡು ಬಿತ್ತು, ಮೊಳೆ ಚೆಲ್ಲಿತು, ಏನೋ ಉರುಳಿಕೊಂಡು ಹೋಗಿ ಬಾಗಿಲಿಗೆ ಬಡಿಯಿತು. ನಿಂತಿತು ಎನ್ನುವಷ್ಟರಲ್ಲಿ ಮತ್ತೊಂದು ಬಿತ್ತು. ಅಪ್ಪ ಎದ್ದು, “ಬೀಡಿ ತತ್ತೀನಿ,” ಎಂದು ಹೊರಟ.

ಏರ್ ಬ್ಲಾಸ್ಟ್ ಆದರೆ ನಮ್ಮ ಲೈನಿನ ಹೆಂಗಸರೆಲ್ಲ ಹೊರಗೆ ಬಂದು ಗಣಿಯ ಕಡೆ ನೋಡಿಕೊಂಡು ನಿಲ್ಲುತ್ತಿದ್ದರು, ಅನಾಹುತದ ಸೈರನ್ ಕೂಗುತ್ತದೋ ಎಂದು. ಅವತ್ತೂ ನಿಂತೆವು. ಕೂಗಲಿಲ್ಲ. ಎಲ್ಲರೂ ಉಸಿರು ಬಿಟ್ಟ ಮೇಲೆ ಪಕ್ಕದ ಮನೆಯ ತಮಿಳು ಹೆಂಗಸು ಸೊಂಟದ ಮೇಲೆ ಕೈ ಇಟ್ಟು ಅಮ್ಮನ ಕಡೆ ತಿರುಗಿದಳು.

“ಅಕ್ಕಾ, ನಿಮ್ ಮನೆಯವ್ರು ರೆಂಡು ದಿವಸ ಇರ್ಲಿ ಅಂತ ಇಟ್ರು. ಈಗ ಇಪ್ಪತ್ತು ದಿವಸ ಆಯ್ತು. ನನ್ ಸೋರು, ಅನ್ನ ಎಲ್ಲಾ ಪೋಚ್ಚು. ಬಂದು ನೋಡಿ.”

ಹೋಗಿ ನೋಡಿದೆವು. ನಮ್ಮ ಪೆಟ್ಟಿಗೆಗಳು, ಒಂದು ಬಿಡದೆ ಎಲ್ಲವೂ ಅಲ್ಲಿದ್ದವು, ಅದೇ ಕ್ರಮದಲ್ಲಿ ಪೇರಿಸಿದ್ದಂತೆ ಕಾಣುತ್ತಿತ್ತು. ಅರ್ಧ ಈಗ ನೆಲದ ಮೇಲಿದ್ದವು. ಅವಳ ಅನ್ನದ ಪಾತ್ರೆಯೊಳಗೆ ಅಪ್ಪನ ಬೂಟಿನ ಅಟ್ಟೆ ಬಿದ್ದಿತ್ತು. ಅಮ್ಮ ಬಾಗಿಲಿಗೆ ಒರಗಿ ಹಾಗೇ ಕೂತುಬಿಟ್ಟಳು. ಇನ್ನು ಮಗಳು ಬಂದ ಹಾಗೇ ಎಂದು ಅವಳ ಮುಖದಲ್ಲೇ ಬರೆದಿತ್ತು. ಬೀಗಿತ್ತಿ ಬಗ್ಗಿ ಆ ಒಂಟಿ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿದರು.

“ಬೀಗ್ರನ್ನ ಕರೀ ಪಾಪಾ,” ಎಂದು ನನಗೆ ಹೇಳಿದರು.

ಅಪ್ಪ ದೂರ ಏನೂ ಹೋಗಿರಲಿಲ್ಲ. ಲೈನಿನ ಕೊನೆಯ ನಲ್ಲಿಯ ಹತ್ತಿರ ಸುಮ್ಮನೆ ನಿಂತಿದ್ದ. ಕೈಹಿಡಿದು ಎಳೆದು ತಂದೆ. ಬೈಯಬೇಕೆಂದು ನನ್ನ ಬಾಯಿ ತುಂಬ ಮಾತಿತ್ತು, ಆದರೆ ಅವನ ಕೈ ತಣ್ಣಗಿತ್ತು.

“ಬೀಳೋದನ್ನ ಇನ್ನೊಬ್ರ ತಲೆ ಮೇಲೆ ಆಕಿದ್ರೆ ಆಗೋಯ್ತಾ ಬೀಗ್ರೇ? ಇಲ್ಲೂ ಮಕ್ಕಳು ಮರಿ ಇಲ್ವಾ?” ಎಂದರು ಬೀಗಿತ್ತಿ.

ಅಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ. “ಮೂರು ವರ್ಸ ಒಂದು ಮೊಳೆ ಕೊಳ್ದೆ ಸಾಲ ತೀರ್ಸಿದ್ದು ಈ ಪೆಟ್ಗೆ ನಂಬ್ಕೊಂಡು ಅಕ್ಕಾ. ನಾಳೆ ಮಗೂಗೆ ಏನಾದ್ರೂ ಬೇಕಾದ್ರೆ, ಕೈಲಿ ಕಾಸಿಲ್ದಿದ್ರೆ, ಮತ್ತೆ ಆಂಡರ್ಸನ್‌ಪೇಟೆಗೆ ಓಗಿ ಅವನ ಬಾಗಲಲ್ಲಿ ನಿಂತ್ಕೋಬೇಕು. ನಂಗೆ ಗಣಿಯೊಳಗೆ ಭಯ ಆಗಲ್ಲ. ಅಲ್ಲಿ ಭಯ ಆಗ್ತದೆ.”

ಅಪ್ಪನಿಗೆ ಭಯ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ತಲೆ ಎತ್ತಿ ಅವನನ್ನೇ ನೋಡಿದಳು.

ಬೀಗಿತ್ತಿ ಚಪ್ಪಲಿಯನ್ನು ಮುಂದೆ ಹಿಡಿದರು. “ಸಾಲ ಬಂದ್ರೆ ಇದು ತೀರ್ಸ್ತದಾ?”

“ಇಲ್ಲ ಅಕ್ಕಾ.”

“ಮತ್ತೆ? ಖರ್ಜೂರದೋನು ಎಷ್ಟೊತ್ತಿಗೆ ಬತ್ತಾನೆ?”

ಖರ್ಜೂರದವನಿಗೆ ಅವತ್ತು ಗ್ರಹಚಾರ ನೆಟ್ಟಗಿರಲಿಲ್ಲ. ಹುಣಸೆಹಣ್ಣಿನ ತಕ್ಕಡಿ ಹಿಡಿದು ಮೂವತ್ತು ವರ್ಷ ವ್ಯಾಪಾರ ಮಾಡಿದ ಹೆಂಗಸು ಅವನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಮೊದಲು ತಕ್ಕಡಿಯನ್ನು ಬರಿದಾಗಿ ಎತ್ತಿಸಿದರು. ಒಂದು ಕಡೆ ವಾಲಿತು. “ಇದೇನಪ್ಪಾ, ನಿನ್ ತಕ್ಕಡಿಗೂ ಏರ್ ಬ್ಲಾಸ್ಟ್ ಆಯ್ತಾ?” ಎಂದರು. ತಕ್ಕಡಿಯ ದಾರ ಅದುಮಿದ್ದ ಅವನ ಕಿರುಬೆರಳನ್ನು ತೆಗೆಸಿದರು. ಕಬ್ಬಿಣ ಬೇರೆ, ತಗಡು ಬೇರೆ, ಹಿತ್ತಾಳೆ ಬೇರೆ ಎಂದು ವಿಂಗಡಿಸಿದರು. ಬಕೀಟಿನ ತಳಕ್ಕೆ ಬೇರೆ ರೇಟು ಕೇಳಿದರು. ಅವನು ಕನ್ನಡದಲ್ಲಿ ಬೇಡಿಕೊಂಡ, ತೆಲುಗಿನಲ್ಲಿ ಆಣೆ ಇಟ್ಟ, ತಮಿಳಿನಲ್ಲಿ ಗೊಣಗಿದ. ಬೀಗಿತ್ತಿ ಮೂರಕ್ಕೂ ಉತ್ತರ ಕೊಟ್ಟರು. ಅಪ್ಪ ಒಂದೊಂದೇ ಪೆಟ್ಟಿಗೆ ತಂದು ಸುರಿದ. ಮೊದಲೆರಡಕ್ಕೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಐದನೆಯದರ ಹೊತ್ತಿಗೆ ತಾನೂ ಬಾಯಿ ಹಾಕಿ, “ಆ ಮೊಳೆ ಒಳ್ಳೇ ಉಕ್ಕು ಕಣಪ್ಪಾ, ಸರಿಯಾಗಿ ಆಕು,” ಎಂದು ಚೌಕಾಸಿಗೆ ಇಳಿದ. ಒಂಟಿ ಚಪ್ಪಲಿಯನ್ನು ಖರ್ಜೂರದವನು ಮುಟ್ಟಲಿಲ್ಲ. ಪೆಟ್ಟಿಗೆಯ ಹಲಗೆಗಳನ್ನು ಪಕ್ಕದ ಮನೆಯವಳಿಗೆ ಸೌದೆಗೆ ಕೊಟ್ಟೆವು, ಕೆಟ್ಟ ಅನ್ನದ ಲೆಕ್ಕಕ್ಕೆ.

ಕೊನೆಗೆ ಎರಡು ಸೇರಿನಷ್ಟು ಖರ್ಜೂರ ಆಯಿತು. ಅಮ್ಮ ಅದನ್ನು ಬಟ್ಟೆಯಲ್ಲಿ ಕಟ್ಟಿ ಬೀಗಿತ್ತಿಯ ಮುಂದೆ ಇಟ್ಟು, ಕೈ ಹಿಸುಕಿಕೊಳ್ಳುತ್ತಾ ನಿಂತಳು. ಕೇಳಲು ಧೈರ್ಯ ಬರಲಿಲ್ಲ. ಬೀಗಿತ್ತಿ ಗಂಟನ್ನು ಅವಳ ಕಡೆಗೇ ತಳ್ಳಿದರು.

“ನಂಗ್ಯಾಕೆ? ಬಸರಿಗೆ ಒಳ್ಳೇದು ಇದು. ಇಲ್ಲೇ ಮಡಗು. ಅವಳು ಬಂದ್ಮೇಲೆ ದಿನಾ ಎಳ್ಡೆಳ್ಡು ಕೊಡು,” ಎಂದರು.

ಅಮ್ಮ ಅವರ ಕೈ ಹಿಡಿದುಕೊಂಡಳು. ನಾನು ಆ ದಿನ ಇಬ್ಬರನ್ನೂ ನೋಡಿ ನಕ್ಕೆ, ಯಾಕೆಂದರೆ ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದರು.

ಏಳನೇ ತಿಂಗಳಿಗೆ ಅಕ್ಕ ಬಂದಳು. ಬಂದವಳು ಬಾಗಿಲಲ್ಲಿ ನಿಂತು ಒಳಗೆಲ್ಲ ನೋಡಿ, ಕಾಲು ತೊಳೆದುಕೊಂಡಳು. ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಊಟವಾದ ಮೇಲೆ ಅಮ್ಮ ನಡುಮನೆಯಲ್ಲಿ ಚಾಪೆ ಹಾಸಿದಳು. ಅಪ್ಪ ಎರಡನೇ ಪಾಳಿಗೆ ಹೊರಡಲು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟುತ್ತಿದ್ದ.

ಅಕ್ಕ ಒಂದು ಮಗ್ಗುಲಾಗಿ, ಮೊಣಕಾಲು ಎದೆಯ ಹತ್ತಿರ ಮಡಚಿಕೊಂಡು ಮಲಗಿದಳು. ಹೊಟ್ಟೆ ದೊಡ್ಡದಾಗಿದ್ದರಿಂದ ಹಾಗೆ ಮಲಗಲು ಒದ್ದಾಡುತ್ತಿದ್ದಳು.

“ಅಂಗ್ಯಾಕೆ ಮುದುರ್ಕೊಂಡೀಯ? ಕಾಲು ನೀಡ್ಕೊಂಡು ಆರಾಮಾಗಿ ಮಲ್ಗು,” ಎಂದಳು ಅಮ್ಮ.

“ಅಭ್ಯಾಸ ಕಣಮ್ಮಾ. ಇಲ್ಲಿ ಗೋಡೆಗೂ ಪೆಟ್ಗೆಗೂ ಮಧ್ಯ ಅಷ್ಟೇ ತಾನೆ ಜಾಗ ಇದ್ದಿದ್ದು. ಅಲ್ಲಿಗೋದ್ಮೇಲೂ ಇಂಗೇ ಮಲಗ್ತೀನಿ ಅಂತ ಅತ್ತೆ ದಿನಾ ನಗ್ತಾರೆ.”

ಅಮ್ಮ ಕೈಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಒಂದು ದಿನಾನಾದ್ರೂ ನಂಗೆ ಏಳ್ಬೇಕಾಗಿತ್ತಲ್ಲೇ.”

“ಏಳಿದ್ರೆ ಏನು ಮಾಡ್ತಿದ್ರಿ? ಎಲ್ಲಾ ನನ್ ಮದುವೆಗೆ ಕಾಸು ಉಳಿಸ್ಬೇಕು ಅಂತ ತಾನೆ ಮಡಗಿದ್ದು.”

ಅವಳು ಅದನ್ನು ನಗುತ್ತಲೇ ಹೇಳಿದಳು, ದೂರಿನ ಹಾಗೆ ಅಲ್ಲ. ಅಪ್ಪನ ಕೈ ಬೂಟಿನ ದಾರದ ಮೇಲೆ ನಿಂತುಹೋಯಿತು. ಎದ್ದು, ಒಂದು ಕಾಲಿಗೆ ಮಾತ್ರ ಬೂಟು ಇದ್ದ ಹಾಗೇ ಒಳಗೆ ಬಂದು ಅವಳ ಪಾದದ ಹತ್ತಿರ ಕೂತ. ಎರಡೂ ಪಾದಗಳನ್ನು ಹಿಡಿದು, ಮೆಲ್ಲಗೆ ತನ್ನ ಕಡೆ ಎಳೆದ.

“ಚಾಚು ಮಗಾ,” ಎಂದ. “ಇನ್ನೂ ಚಾಚು.”